ಸೀಸದ ಗುಂಡಿಗೆ ಕಲಾಯಿ

ಅಮೆರಿಕದ ಓಹಾಯೋ ರಾಜ್ಯದ ಟೊಲೀಡೋ ನಗರವನ್ನು ಬಿಟ್ಟು ಪೂರ್ವದಿಕ್ಕಿಗೆ ಹೊರಟರೆ, ಎರಡನೆಯ ನಂಬರಿನ ಹೆದ್ದಾರಿಯು ಸ್ವಲ್ಪ ಹೊತ್ತಿನಲ್ಲಿಯೇ ನಗರದ ಗದ್ದಲವನ್ನು ಹಿಂದಿಕ್ಕಿ ಹೊಲಗದ್ದೆಗಳ ನಡುವೆ ಸಾಗುತ್ತದೆ. ಎಡಗಡೆಗೆ ಈರೀ ಸರೋವರದ ಅಂಚಿನ ಜೌಗು ನೆಲ. ಅಲ್ಲಿ ಒಂಟಿಕಾಲಿನಲ್ಲಿ ನಿಂತು ತಪಸ್ಸು ಮಾಡುವ ಬಕಪಕ್ಷಿಗಳು. ಇನ್ನೂ ಮುಂದೆ ಡೇವಿಸ್-ಬೆಸ್ಸೀ ಪರಮಾಣು ವಿದ್ಯುದಾಗಾರದ ಶೀತಲ ಗೋಪುರವು, ಬಕಾಸುರನು ಉಂಡು ಬೋರಲು ಹಾಕಿದ ಹಂಡೆಯಂತೆ, ಬಹುದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಅದನ್ನು ದಾಟಿ ಸ್ವಲ್ಪ ದೂರ ಹೋದರೆ ಕ್ಯಾಂಪ್ ಪೆರಿ.

2023ರ ಜುಲೈ ತಿಂಗಳಿನ ಒಂದು ನಸುಕಿನಲ್ಲಿ ನಾವು ಈ ದಾರಿ ಹಿಡಿದಿದ್ದೆವು. ಕಾರು ನಡೆಸುತ್ತಿದ್ದವರು ನನ್ನ ಮಗಳ ನೆರೆಮನೆಯ ಅಜ್ಜ. ಎಪ್ಪತ್ತಾರು ವರ್ಷದ ಹಿರಿಯರು. ಅವರ ಪಕ್ಕದಲ್ಲಿ ನಾನು; ಹಿಂದಿನ ಆಸನದಲ್ಲಿ ನನ್ನ ಮನೆಯವರು ಮತ್ತು ಅಜ್ಜನ ಮೊಮ್ಮಗಳು. ಕಾರಿನ ಹಿಂಬದಿಯಲ್ಲಿ ಬೀಗ ಹಾಕಿದ ಮರದ ಪೆಟ್ಟಿಗೆಯೊಂದಿತ್ತು. ಅದರಲ್ಲಿ ಪಿಸ್ತೂಲುಗಳು, ಅವುಗಳೊಡನೆ ಅಜ್ಜ ತಮ್ಮ ಕೈಯಿಂದಲೇ ತುಂಬಿದ ತೋಟಾಗಳ ಎರಡು ಡಬ್ಬಿಗಳು. ಒಂದರೊಳಗಿನ ಗುಂಡುಗಳು ತಾಮ್ರದ ಬಣ್ಣದವು. ಇನ್ನೊಂದರವು ದಾಸವಾಳದಂತೆ ಕೆಂಪು. ಆ ಕೆಂಪು ಗುಂಡುಗಳು ಅಲ್ಲಿಗೆ ಬಂದ ಬಗೆಯನ್ನು ಹೇಳದೆ ನಮ್ಮ ಪ್ರವಾಸದ ಕಥೆ ಮುಂದೆ ಸಾಗಲಾರದು.

ಮೋಟಾರು ಮನೆಯ ಕಮ್ಮಟ

ನಾವು ಮಗಳ ಮನೆಗೆ ಹೋದದ್ದು ಆ ವರ್ಷದ ಏಪ್ರಿಲ್ ಕೊನೆಗೆ. ಅಜ್ಜ ಮೋಟಾರು ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಕೆಲಸಗಾರರಾಗಿದ್ದು ನಿವೃತ್ತರಾದವರು. ಅವರ ಕಾರು ಸದಾ ಬೀದಿಯಲ್ಲಿ ನಿಲ್ಲುತ್ತಿತ್ತು. ಕಾರು ನಿಲ್ಲಬೇಕಾದ ಮನೆಯಲ್ಲಿ ಕಮ್ಮಟವಿತ್ತು. ಒಂದು ದಿನ ನನ್ನನ್ನು ಒಳಗೆ ಕರೆದು ಎಲ್ಲವನ್ನೂ ತೋರಿಸಿದರು.

ಪಿಸ್ತೂಲಿನ ತೋಟಾಗೆ ನಾಲ್ಕು ಅಂಗಗಳು: ಹಿತ್ತಾಳೆಯ ಚಿಪ್ಪು, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. ಹೊಡೆದ ಮೇಲೆ ಉಳಿಯುವುದು ಚಿಪ್ಪು ಮಾತ್ರ. ಅದನ್ನು ಆಯ್ದು ತಂದು, ತೊಳೆದು, ಒತ್ತುಯಂತ್ರದಲ್ಲಿ ತಿದ್ದಿ, ಮಿಕ್ಕ ಮೂರನ್ನೂ ಹೊಸದಾಗಿ ಕೂಡಿಸಿದರೆ ತೋಟಾ ಮತ್ತೆ ಸಿದ್ಧ. ಪಾತ್ರೆ ಒಂದೇ, ಅಡಿಗೆ ಮಾತ್ರ ಪ್ರತಿ ಸಲವೂ ಹೊಸದು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ತೋಟಾ ತಯಾರಿಸುವಂತಿಲ್ಲ. ಅಲ್ಲಿಯೋ ಅದು ಹಪ್ಪಳ ಸಂಡಿಗೆಯಂತೆ ಮನೆಯ ಕೈಗೆಲಸ. ಪಂದ್ಯಕ್ಕೂ ಅಭ್ಯಾಸಕ್ಕೂ ವರ್ಷಕ್ಕೆ ಸಾವಿರಾರು ಗುಂಡುಗಳು ಬೇಕಾಗುವವರಿಗೆ ಅದರಿಂದ ಹಣದ ಉಳಿತಾಯ. ಅದಕ್ಕಿಂತ ಹೆಚ್ಚಾಗಿ, ತಮ್ಮ ಪಿಸ್ತೂಲಿಗೆ ಒಗ್ಗುವಂತೆ ಒಂದರಂತೆ ಇನ್ನೊಂದನ್ನು ಮಾಡಿಕೊಳ್ಳುವ ಅನುಕೂಲ.

ಗುಂಡನ್ನು ತೂಗುವುದು ಗ್ರೇನಿನ ಲೆಕ್ಕದಲ್ಲಿ. "ನಿಮ್ಮ ಈ ಗುಂಡಿನ ತೂಕವೆಷ್ಟು?" ಎಂದು ಕೇಳಿದೆ. "ನೂರ ಎಂಬತ್ತೈದು ಗ್ರೇನ್" ಎಂದರು. ನನಗೆ ನಗು ಬಂತು. ನಮ್ಮ ಹಳೆಯ ತೊಲವೆಂದರೆ 180 ಗ್ರೇನ್. ಅಕ್ಕಸಾಲಿಗರ ತಕ್ಕಡಿಯಲ್ಲಿ ಒಂದು ತೊಲದ ಮೇಲೆ ಚೂರು ಹೆಚ್ಚು ತೂಗುವ ಸೀಸವನ್ನು ಈ ಮುದುಕರು ಐವತ್ತು ಗಜ ದೂರದ ಕಾಗದಕ್ಕೆ ಎಸೆಯುತ್ತಾರೆ!

ಆ ಗುಂಡುಗಳನ್ನೂ ಅವರೇ ಎರಕ ಹೊಯ್ಯುತ್ತಿದ್ದರು. ಸೀಸಕ್ಕೆ ಸ್ವಲ್ಪ ಆಂಟಿಮನಿ, ಇನ್ನೂ ಸ್ವಲ್ಪ ತವರ ಬೆರೆಸಿ ಕರಗಿಸಿ, ಕಬ್ಬಿಣದ ಅಚ್ಚಿಗೆ ಸುರಿಯುವುದು. ಆ ಅಚ್ಚು ಅವರ ತಂದೆಯದು. ಅದರ ಮರದ ಹಿಡಿ ಎರಡು ತಲೆಮಾರಿನ ಅಂಗೈ ಸವೆತದಿಂದ ನುಣುಪಾಗಿತ್ತು.

ಮಗುವಿನ ರಕ್ತಪರೀಕ್ಷೆ

ಅಜ್ಜನ ಮನೆಯಲ್ಲಿ ಅವರ ಮೊಮ್ಮಗಳೂ ಆಕೆಯ ಎರಡು ವರ್ಷದ ಮಗನೂ ಇದ್ದರು. ಮೇ ತಿಂಗಳಲ್ಲಿ ಆ ಮಗುವಿಗೆ, ಅಲ್ಲಿನ ವಾಡಿಕೆಯಂತೆ, ರಕ್ತದಲ್ಲಿ ಸೀಸದ ಅಂಶವನ್ನು ಅಳೆಯುವ ಪರೀಕ್ಷೆ ನಡೆಯಿತು. ಒಂದು ಡೆಸಿಲೀಟರಿಗೆ 3.5 ಮೈಕ್ರೊಗ್ರಾಂ ಮೀರಿದರೆ ಎಚ್ಚರ ವಹಿಸಬೇಕೆಂದು ಅಮೆರಿಕದ ಆರೋಗ್ಯ ಇಲಾಖೆಯವರು 2021ರಲ್ಲಿ ಗೊತ್ತುಪಡಿಸಿದ್ದಾರೆ. ಮಗುವಿನ ರಕ್ತದಲ್ಲಿ ಅದು 6 ಇತ್ತು. ಮಕ್ಕಳ ಮಟ್ಟಿಗೆ ನಿರಪಾಯವೆನ್ನಬಹುದಾದ ಸೀಸದ ಪ್ರಮಾಣವೇ ಇಲ್ಲ; ಬೆಳೆಯುವ ಮಿದುಳಿಗೆ ಅದು ಶತ್ರು. ಬುದ್ಧಿಯನ್ನೂ ಏಕಾಗ್ರತೆಯನ್ನೂ ಅದು ಸದ್ದಿಲ್ಲದೆ ಕದಿಯುತ್ತದೆ.

ವೈದ್ಯರು ಮನೆಯ ವಿಚಾರವನ್ನೆಲ್ಲ ಕೇಳಿದರು. ಗೋಡೆಯ ಬಣ್ಣ ಹಳೆಯದಲ್ಲ. ಕೊಳಾಯಿಯ ನೀರಿನಲ್ಲಿ ದೋಷವಿಲ್ಲ. ಕೊನೆಗೆ ಉಳಿದದ್ದು ಮೋಟಾರು ಮನೆ. ಅಜ್ಜನ ರಕ್ತವನ್ನೂ ಪರೀಕ್ಷಿಸಿದಾಗ 22 ಬಂತು.

ಆ ಸಂಜೆ ಅವರು ನಮ್ಮ ಜಗಲಿಯಲ್ಲಿ ಬಂದು ಕುಳಿತ ರೀತಿಯನ್ನು ನಾನು ಮರೆಯಲಾರೆ. ಎರಡೂ ಅಂಗೈಗಳನ್ನು ಮಂಡಿಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು ನೋಡುತ್ತಿದ್ದರು. "ಈ ಕೈಗಳಿಂದಲೇ ದಿನವೂ ಅವನನ್ನು ಎತ್ತಿಕೊಂಡೆ" ಎಂದರು. ಸೀಸವನ್ನು ಮುಟ್ಟಿದ ಬೆರಳು, ಎರಕದ ಕಿಟ್ಟ ತೆಗೆಯುವಾಗ ಏಳುವ ಧೂಳು, ಚಿಪ್ಪು ತೊಳೆಯುವಾಗಿನ ಮಸಿ, ಚಳಿಗಾಲದಲ್ಲಿ ಒಳಾಂಗಣದಲ್ಲಿ ಗುಂಡು ಹೊಡೆದಾಗ ಉಸಿರಿಗೂ ಬಟ್ಟೆಗೂ ಹತ್ತಿದ ಹೊಗೆ ಇವೆಲ್ಲವೂ ಅವರ ಬೂಟಿನೊಡನೆ, ಅಂಗಿಯೊಡನೆ ಮಗು ಅಂಬೆಗಾಲಿಕ್ಕುವ ಜಮಖಾನೆಯವರೆಗೆ ಬಂದಿದ್ದವು.

ಎರಕದ ಕುಲುಮೆ ಮರುದಿನವೇ ಆರಿತು. ಆದರೆ ಜುಲೈ ಪಂದ್ಯಕ್ಕೆ ಅವರು ಹೆಸರು ಕೊಟ್ಟಾಗಿತ್ತು. "ಈ ವರ್ಷ ಬಿಟ್ಟುಬಿಡುತ್ತೇನೆ, ಎಲ್ಲವನ್ನೂ ಮಾರಿಬಿಡುತ್ತೇನೆ" ಎಂದರು. ತಡೆದವಳು ಮೊಮ್ಮಗಳೇ. ತಪ್ಪು ಪಂದ್ಯದ್ದಲ್ಲ, ಧೂಳಿನದು ಎಂಬುದು ಆಕೆಯ ವಾದ.

ನಾಲ್ಕು ಡಬ್ಬಿಗಳು

ಆಕೆಯೂ ಪಿಸ್ತೂಲಿನ ಪಂದ್ಯಗಳಲ್ಲಿ ಭಾಗವಹಿಸುವವಳೇ; ಆದರೆ ಆಕೆಯ ಆಟ ಬೇರೆ. ಗಡಿಯಾರ ನೋಡಿಕೊಂಡು ಓಡುತ್ತ, ತಿರುಗುತ್ತ ಹೊಡೆಯುವ ಪಂದ್ಯವದು. ಅಲ್ಲಿ ಗುಂಡಿನ ತೂಕವನ್ನು ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ 125ಕ್ಕೆ ಕಡಿಮೆಯಾಗಬಾರದು. 147 ಗ್ರೇನಿನ ಗುಂಡು ಸೆಕೆಂಡಿಗೆ 870 ಅಡಿ ವೇಗದಲ್ಲಿ ಹೊರಟರೆ ಸುಮಾರು 128 ಆಗುತ್ತದೆ. ಆಕೆ ಅದಕ್ಕೆ ಅಂಗಡಿಯಿಂದ ಕೊಂಡ ಲೇಪಿತ ಗುಂಡುಗಳನ್ನು ಬಳಸುತ್ತಿದ್ದಳು. ಅಜ್ಜ ಅವನ್ನು 'ಬಣ್ಣ ಬಳಿದ ಬೊಂಬೆ'ಗಳೆಂದು ಹಾಸ್ಯ ಮಾಡುತ್ತಿದ್ದರಂತೆ. ಈಗ ಅಜ್ಜನ ಪಿಸ್ತೂಲಿಗೆ ಸರಿಹೊಂದುವ ಅಂಥ ಗುಂಡುಗಳನ್ನು ಆಕೆಯೇ ತರಿಸಿದಳು.

ತೊಳೆದು ಒರೆಸಿದ ಮೇಜಿನ ಮೇಲೆ ನಾಲ್ಕು ಡಬ್ಬಿಗಳು ಸಾಲಾಗಿ ನಿಂತವು. ನಾವೂ ನೋಡಲು ಹೋದೆವು.

ಮೊದಲನೆಯದರಲ್ಲಿ ಹಳೆಯ ಬರಿಸೀಸದ ಗುಂಡು. ಸುತ್ತಲಿನ ಗೀರಿನಲ್ಲಿ ಜಾರುವಿಕೆಗಾಗಿ ಮೇಣ. ಅಗ್ಗ, ಗುರಿಗೆ ನಿಷ್ಠ. ಆದರೆ ಮುಟ್ಟಿದರೆ ಬೆರಳಿಗೆ ಸೀಸ, ಹೊಡೆದರೆ ಮೇಣದ ಹೊಗೆ. ಎರಡನೆಯದು, ಒಡವೆಗೆ ಚಿನ್ನದ ನೀರು ಹಾಯಿಸುವಂತೆ, ವಿದ್ಯುತ್ತಿನಿಂದ ತಾಮ್ರದ ನೀರು ಹಾಯಿಸಿದ್ದು. ಕೈಗೆ ಶುದ್ಧ, ಆದರೆ ಅಜ್ಜನ ನಳಿಗೆಯಲ್ಲಿ ಅದಕ್ಕೆ ಐವತ್ತು ಗಜದ ನಿಷ್ಠೆ ಸಾಲದಾಯಿತು. ಮೂರನೆಯದು ತಾಮ್ರದ ದಪ್ಪ ಕವಚ ತೊಡಿಸಿದ್ದು. ಸ್ವಿಟ್ಜರ್ಲೆಂಡಿನ ಎಡ್ವರ್ಡ್ ರೂಬಿನ್ 1882ರಲ್ಲಿ ರೂಪಿಸಿದ ಉಪಾಯವಿದು. ಇದರಲ್ಲಿ ಎರಡು ಬಗೆ. ಸಾಮಾನ್ಯವಾದದ್ದರಲ್ಲಿ ಮೂತಿ ಮುಚ್ಚಿ ಬುಡ ತೆರೆದಿರುತ್ತದೆ. ಉರಿಯುವ ಮದ್ದಿನ ಬಿಸಿ ತಗಲುವುದು ಬುಡಕ್ಕೇ ಆದುದರಿಂದ ಅಲ್ಲಿಯ ಸೀಸ ಆವಿಯಾಗಿ ಗಾಳಿಗೆ ಸೇರುತ್ತದೆ. ಮೂತಿಯಲ್ಲಿ ಕುಳಿಯಿರುವ ಬಗೆಯಲ್ಲಿ ಬುಡ ಮುಚ್ಚಿರುತ್ತದೆ. ಅಜ್ಜನ ಡಬ್ಬಿಯಲ್ಲಿದ್ದದ್ದು ಈ ಎರಡನೆಯ ಬಗೆ; ಬೆಲೆ ಮಾತ್ರ ಎಲ್ಲಕ್ಕಿಂತ ಹೆಚ್ಚು. ನಾಲ್ಕನೆಯದೇ ಕೆಂಪು ಗುಂಡು: ಒಳಗೆ ಅದೇ ಎರಕದ ಸೀಸ, ಮೇಲೆ ಮೂತಿಯಿಂದ ಬುಡದವರೆಗೆ ಪಾಲಿಮರಿನ ಲೇಪ. ಗುಂಡುಗಳನ್ನು ಬಣ್ಣದಲ್ಲಿ ಕುಲುಕಿ, ಒಣಗಿಸಿ, ಸುಮಾರು 200 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಬೇಯಿಸಿ, ಹೀಗೆ ಎರಡು ಮೂರು ಪದರ ಹತ್ತಿಸುತ್ತಾರೆ.

ನನ್ನ ಮನೆಯವರು ಒಂದು ಕೆಂಪು ಗುಂಡನ್ನು ದೂರದಿಂದಲೇ ನೋಡಿ, "ಇದು ನಮ್ಮ ಕಲಾಯಿಯಲ್ಲವೇ!" ಎಂದರು. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕಿಲುಬಿ ವಿಷವಾಗದಂತೆ ತವರದ ಕಲಾಯಿ ಹಾಕಿಸುವ ನಮ್ಮ ಪದ್ಧತಿಯನ್ನು ನಾನು ಅಜ್ಜನಿಗೆ ವಿವರಿಸಿದೆ. ಅವರಿಗೆ ಆ ಮಾತು ಬಹಳ ಹಿಡಿಸಿತು. "ಕಲಾಯಿ, ಕಲಾಯಿ" ಎಂದು ಎರಡು ಸಲ ಹೇಳಿಕೊಂಡರು. ಗುಂಡಿಗೆ ಸವರುವ ವಸ್ತುವು ಎಷ್ಟು ದೊಡ್ಡ ಮಾತಾಗಬಲ್ಲುದೆಂಬುದು 1857ರ ಕೊಬ್ಬು ಸವರಿದ ತೋಟಾಗಳ ಕಥೆ ಬಲ್ಲ ಭಾರತೀಯರಿಗೆ ಹೇಳಬೇಕಾದುದಿಲ್ಲ.

ಮನೆಯವರು ಇನ್ನೂ ಒಂದು ಮಾತು ಸೇರಿಸಿದರು: "ಆದರೆ ಇದು ಪೆಪ್ಪರಮಿಂಟಿನಂತಿದೆಯಲ್ಲ! ಮಗುವಿನ ಕೈಗೆ ಸಿಕ್ಕರೆ ಬಾಯಿಗೇ ಹಾಕಿಕೊಳ್ಳುತ್ತದೆ." ಅಜ್ಜ ಏನೂ ಮಾತಾಡದೆ ಎದ್ದು ಹೋಗಿ, ಎತ್ತರದ ಕಪಾಟೊಂದನ್ನು ಖಾಲಿ ಮಾಡಿ, ಅದಕ್ಕೆ ಬೀಗ ತಂದು ಹಾಕಿದರು.

ಕಲಾಯಿಯ ಪರೀಕ್ಷೆ

ಲೇಪ ಚೆನ್ನಾಗಿ ಬೆಂದಿದೆಯೇ ಎಂದು ತಿಳಿಯಲು ಎರಡು ಸುಲಭ ಪರೀಕ್ಷೆಗಳಿವೆ. ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದರೆ ಬಣ್ಣ ಬಟ್ಟೆಗೆ ಹತ್ತಬಾರದು. ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಜಜ್ಜಿದರೆ ಲೇಪವು ಸೀಸದೊಡನೆಯೇ ಹರಡಬೇಕು, ಚಕ್ಕೆಯೇಳಬಾರದು. ಕೆಂಪು ಗುಂಡು ಎರಡರಲ್ಲಿಯೂ ಗೆದ್ದಿತು.

ಅಳತೆಯ ಮಾತು ಆಮೇಲೆ. ಮೆದುಸೀಸದ ತುಂಡೊಂದನ್ನು ನಳಿಗೆಯಲ್ಲಿ ಈ ತುದಿಯಿಂದ ಆ ತುದಿಗೆ ದಬ್ಬಿ, ಅದರ ಮೇಲೆ ಮೂಡಿದ ಗುರುತಿನಿಂದ ಒಳವ್ಯಾಸವನ್ನು ಅಳೆಯುತ್ತಾರೆ. ಅಜ್ಜನ .45 ಪಿಸ್ತೂಲಿನ ನಳಿಗೆ 0.451 ಅಂಗುಲ, ಆದ್ದರಿಂದ ಲೇಪಿತ ಗುಂಡು 0.452 ಇರಬೇಕು. ಗುಂಡು ಸಡಿಲವಾದರೆ ಬಿಸಿ ಅನಿಲ ಪಕ್ಕದಿಂದ ನುಗ್ಗಿ ಸೀಸವನ್ನು ನಳಿಗೆಗೆ ಬಳಿಯುತ್ತದೆ, ಗುರಿ ಕೆಡುತ್ತದೆ.

ಅಳತೆ ಸರಿಯಿದ್ದರೂ ಮೊದಲ ದಿನ ಗುರಿ ಕೆಟ್ಟಿತು. ಊರ ಹೊರಗಿನ ಮೈದಾನದಲ್ಲಿ ಪಿಸ್ತೂಲನ್ನು ಉಕ್ಕಿನ ಹಿಡಿಕೆಯಲ್ಲಿ ಬಿಗಿದು ಐವತ್ತು ಗಜದಿಂದ ಹತ್ತು ಕೆಂಪು ಗುಂಡು ಹೊಡೆದಾಗ ತೂತುಗಳು ಆರು ಅಂಗುಲದಷ್ಟು ಅಗಲಕ್ಕೆ ಚದುರಿದವು. ನಳಿಗೆಯಲ್ಲಿ ಬೂದುಬಣ್ಣದ ಸೀಸದ ಗೆರೆಗಳು ಕಂಡವು. "ನೋಡಿದಿರಾ ಬೊಂಬೆಯಾಟ!" ಎಂದರು ಅಜ್ಜ, ಆ ಧ್ವನಿಯಲ್ಲಿ ಸ್ವಲ್ಪ ಸಂತೋಷವೂ ಇತ್ತೆಂದು ನನಗೆ ಅನುಮಾನ. ಮೊಮ್ಮಗಳು ವಾದಿಸಲಿಲ್ಲ. ತುಂಬಿದ ತೋಟಾ ಒಂದರಿಂದ ಗುಂಡನ್ನು ಹೊರಕ್ಕೆ ಎಳೆದು ಬೆಳಕಿಗೆ ಹಿಡಿದಳು. ಗುಂಡಿನ ಸುತ್ತ ಲೇಪ ಕತ್ತರಿಸಿ ಸೀಸ ಇಣುಕುತ್ತಿತ್ತು. ತಪ್ಪು ಗುಂಡಿನದಲ್ಲ, ತುಂಬಿದ ಕೈಯದು. ಬರಿಸೀಸಕ್ಕೆ ರೂಢಿಯಾದಂತೆ ಅಜ್ಜ ಚಿಪ್ಪಿನ ಬಾಯನ್ನು ಸಾಕಷ್ಟು ಅರಳಿಸದೆ ಗುಂಡು ಕೂರಿಸಿ, ಮೇಲೆ ಬಿಗಿಯಾಗಿ ಹಿಸುಕಿದ್ದರು. ಚಿಪ್ಪಿನ ಅಂಚೇ ಚಾಕುವಾಗಿ ಕಲಾಯಿಯನ್ನು ಕೆರೆದಿತ್ತು.

ಬಾಯನ್ನು ಕೂದಲೆಳೆಯಷ್ಟು ಹೆಚ್ಚು ಅರಳಿಸಿ, ಬಿಗಿತವನ್ನು ಕಡಿಮೆ ಮಾಡಿ, ನಳಿಗೆಯನ್ನು ಚೊಕ್ಕಟಗೊಳಿಸಿ ಮತ್ತೆ ಹೊಡೆದಾಗ ಹತ್ತೂ ತೂತುಗಳು ಮೂರು ಅಂಗುಲದೊಳಗೆ ಬಂದವು. ಕವಚದ ಗುಂಡು ಎರಡು ಅಂಗುಲದೊಳಗೆ ಕೂಡಿತು. ಪಂದ್ಯದ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 3.36 ಅಂಗುಲ, ನಮ್ಮ ಕೊಡಗಿನ ಒಂದು ದೊಡ್ಡ ಕಿತ್ತಳೆಯಷ್ಟು. ಅಜ್ಜ ಬಹಳ ಹೊತ್ತು ಯೋಚಿಸಿ ನಿರ್ಧರಿಸಿದರು: ಐವತ್ತು ಗಜಕ್ಕೆ ಬುಡ ಮುಚ್ಚಿದ ಕವಚದ ಗುಂಡು, ಅಲ್ಲಿ ಕೈಯ ನಡುಕದ ಜೊತೆಗೆ ಗುಂಡಿನ ಚಂಚಲತೆಯೂ ಸೇರಬಾರದು. ಇಪ್ಪತ್ತೈದು ಗಜಕ್ಕೆ, ಅಭ್ಯಾಸಕ್ಕೆ ಕೆಂಪು ಗುಂಡು. ಅಷ್ಟು ದೂರಕ್ಕೆ ಅದರ ನಿಷ್ಠೆ ಧಾರಾಳವಾಗಿ ಸಾಕು, ಬೆಲೆಯೂ ಹಗುರ. ಬರಿಸೀಸಕ್ಕೆ ಎರಡು ಕಡೆಯೂ ಜಾಗವಿಲ್ಲ.

ಸರೋವರದ ತೀರದಲ್ಲಿ

ಕ್ಯಾಂಪ್ ಪೆರಿಗೆ ಆ ಹೆಸರು ಬಂದದ್ದು 1813ರಲ್ಲಿ ಈರೀ ಸರೋವರದ ಕದನದಲ್ಲಿ ಬ್ರಿಟಿಷ್ ನೌಕಾಪಡೆಯನ್ನು ಸೋಲಿಸಿದ ಆಲಿವರ್ ಹಜರ್ಡ್ ಪೆರಿಯಿಂದ. ಇಲ್ಲಿ ರಾಷ್ಟ್ರೀಯ ಗುರಿಪಂದ್ಯಗಳು 1907ರಿಂದ ನಡೆದುಬಂದಿವೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ, ಇಟಲಿಗಳ ಸೆರೆಯಾಳುಗಳನ್ನು ಇಟ್ಟದ್ದೂ ಇಲ್ಲಿಯೇ. ಈಗ ಅಲ್ಲಿ ಹಸಿರು ಹುಲ್ಲು, ಬಿಳಿ ಗುರಿಹಲಗೆಗಳ ಉದ್ದ ಸಾಲು, ಅದರಾಚೆ ನೀಲಿ ನೀರು, ನೀರಿನ ಮೇಲಿಂದ ಬೀಸುವ ತಂಗಾಳಿ. ಗಾಳಿ ಹಿತವೆಂದು ನಾವು ಹೇಳಿದರೆ ಅಜ್ಜ ಮುಖ ಸಿಂಡರಿಸಿದರು; ಚಾಚಿದ ಒಂಟಿ ಕೈಯನ್ನು ಅಲ್ಲಾಡಿಸುವ ಗಾಳಿ ಗುರಿಕಾರನಿಗೆ ಹಿತವಲ್ಲ.

ಕೊಡಗಿನಲ್ಲಿ ಕೈಲುಮುಹೂರ್ತದ ಹಬ್ಬದಂದು ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನು ನಾನು ಕಂಡಿದ್ದೆ. ಅಲ್ಲಿ ಕಾಯಿ ಒಡೆದೊಡನೆ ಜನರ ಕೇಕೆ ಮುಗಿಲು ಮುಟ್ಟುತ್ತದೆ. ಇಲ್ಲಿ ನಿಶ್ಶಬ್ದವೇ ಆಟದ ಉಸಿರು. ನೂರಾರು ಜನ ಸಾಲಾಗಿ ನಿಂತಿದ್ದಾರೆ, ಬಲಗಡೆಯವರು ಸಿದ್ಧರೇ, ಎಡಗಡೆಯವರು ಸಿದ್ಧರೇ ಎಂಬ ಧ್ವನಿವರ್ಧಕದ ಕೂಗು, ಆಮೇಲೆ ಒಮ್ಮೆಗೇ ಸಿಡಿಲ ಸುರಿಮಳೆ, ಮತ್ತೆ ಮೌನ. ಅಪ್ಪಣೆಯಿಲ್ಲದೆ ಯಾರೂ ಆಯುಧ ಮುಟ್ಟುವುದಿಲ್ಲ. ಮೂರು ಬಗೆಯ ಪಿಸ್ತೂಲುಗಳಿಂದ ತಲಾ 90ರಂತೆ 270 ಗುಂಡು. ಎಲ್ಲವೂ ಹತ್ತಕ್ಕೆ ಬಿದ್ದರೆ 2700 ಅಂಕ. ಐವತ್ತು ಗಜದಲ್ಲಿ ಹತ್ತು ಗುಂಡಿಗೆ ಹತ್ತು ನಿಮಿಷ ಬಿಡುವು. ಇಪ್ಪತ್ತೈದು ಗಜದ ತ್ವರಿತ ಸುತ್ತಿನಲ್ಲಿಯೋ ಐದು ಗುಂಡಿಗೆ ಹತ್ತೇ ಸೆಕೆಂಡು.

ಆ ತ್ವರಿತ ಸುತ್ತಿನಲ್ಲಿ ಅಜ್ಜನ ಕೆಂಪು ಗುಂಡುಗಳ ಪರೀಕ್ಷೆ ನಡೆಯಿತು. ಎರಡು ಸರದಿಗಳಲ್ಲಿ ಹೊಡೆದ ಹತ್ತರಲ್ಲಿ ಏಳು ಹತ್ತರ ವೃತ್ತದಲ್ಲಿ, ಮೂರು ಒಂಬತ್ತರಲ್ಲಿ: ತೊಂಬತ್ತೇಳು. ಒಟ್ಟು ಅಂಕದಲ್ಲಿ ಅವರಿಗೆ ಯಾವ ಪದಕವೂ ಬರಲಿಲ್ಲ. ಆದರೆ ಅವರು ಹಿಂದಿರುಗಿ ಬಂದು ಮೊದಲು ಮಾಡಿದ ಕೆಲಸವೆಂದರೆ ಸಾಬೂನು ಹಚ್ಚಿ ತಣ್ಣೀರಿನಲ್ಲಿ ಮೊಣಕೈವರೆಗೆ ತೊಳೆದುಕೊಂಡದ್ದು. ಅನಂತರ ಬೂಟು ಬಿಚ್ಚಿ ಚೀಲದಲ್ಲಿ ಕಟ್ಟಿ, ಬೇರೆ ಜೊತೆ ಮೆಟ್ಟಿಕೊಂಡದ್ದು. ಅದಾದ ಮೇಲೆಯೇ ನಮ್ಮ ಬುತ್ತಿಯ ಚಿತ್ರಾನ್ನಕ್ಕೆ ಕೈ ಚಾಚಿದರು.

"ಕಲಾಯಿ ಇದ್ದ ಮೇಲೆ ಇಷ್ಟು ಮಡಿ ಏಕೆ?" ಎಂದು ನಾನು ಕೇಳಿದೆ. ಅವರು ಹೇಳಿದ ಉತ್ತರ ನ್ಯಾಯವಾದದ್ದು. ಪ್ರೈಮರಿನ ರಾಸಾಯನಿಕದಲ್ಲಿಯೂ ಸೀಸವಿರುತ್ತದೆ, ಅದಕ್ಕೆ ಕಲಾಯಿಯಿಲ್ಲ. ಲೇಪಿತ ಗುಂಡೂ ದಿಬ್ಬಕ್ಕೆ ಬಡಿದೊಡನೆ ಒಡೆದು ಮತ್ತೆ ಸೀಸವೇ ಆಗುತ್ತದೆ. ಲೇಪವು ಸೀಸವನ್ನು ಇಲ್ಲವಾಗಿಸುವುದಿಲ್ಲ. ಕೈಗೂ ಉಸಿರಿಗೂ ಸ್ವಲ್ಪ ದೂರವಿಡುತ್ತದೆ. ಮಿಕ್ಕ ದೂರವನ್ನು ಮನುಷ್ಯನೇ ಕಾಯಬೇಕು.

ಬೀಳ್ಕೊಡುಗೆ

ಅಕ್ಟೋಬರಿನಲ್ಲಿ ನಾವು ಹೊರಡುವ ಮುನ್ನ ಮಗುವಿನ ರಕ್ತದಲ್ಲಿ ಸೀಸ 3ಕ್ಕೆ ಇಳಿದಿತ್ತು, ಅಜ್ಜನದು 13ಕ್ಕೆ. ಇದರಲ್ಲಿ ಕೆಂಪು ಗುಂಡಿನ ಪಾಲೆಷ್ಟು, ಆರಿದ ಕುಲುಮೆಯ ಪಾಲೆಷ್ಟು, ಒದ್ದೆಬಟ್ಟೆಯಿಂದ ದಿನವೂ ಒರೆಸಿದ ನೆಲದ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳುವಂತಿಲ್ಲ. ಅಜ್ಜನಿಗೂ ಆ ಲೆಕ್ಕ ಬೇಕಿರಲಿಲ್ಲ. ತಂದೆಯ ಅಚ್ಚನ್ನು ತೊಳೆದು, ಗಾಜಿನ ಚೌಕಟ್ಟಿನೊಳಗೆ ಮುಚ್ಚಿ ಗೋಡೆಗೆ ತೂಗುಹಾಕಿದ್ದರು. ಮಗು ಅದರ ಕಡೆ ಬೆರಳು ತೋರಿಸಿದಾಗ ಅವರು ಅದನ್ನು ಎತ್ತಿಕೊಂಡು ಹತ್ತಿರ ಹೋಗಿ ತೋರಿಸುತ್ತಿದ್ದರು. ಈಗ ಅವರ ಕೈಗಳಿಗೆ ಆ ಧೈರ್ಯ ಮರಳಿತ್ತು.

ನೆನಪಿಗೆಂದು ಅವರು ನನಗೆ ಒಂದು ಖಾಲಿ ಹಿತ್ತಾಳೆ ಚಿಪ್ಪನ್ನು ಕೊಡಬಂದರು. ನಮ್ಮ ಅಳಿಯಂದಿರು ಗಾಬರಿಯಾಗಿ ತಡೆದರು. ಭಾರತದ ವಿಮಾನ ನಿಲ್ದಾಣದಲ್ಲಿ ಚೀಲದೊಳಗೆ ಖಾಲಿ ಚಿಪ್ಪು ಸಿಕ್ಕರೂ ಪೊಲೀಸರ ವಿಚಾರಣೆ ತಪ್ಪದು ಎಂದರು. ಕೊನೆಗೆ ಕ್ಯಾಂಪ್ ಪೆರಿಯಲ್ಲಿ ಹತ್ತು ಗುಂಡು ಬಿದ್ದ ಆ ಗುರಿಕಾಗದವನ್ನೇ ಮಡಿಸಿ ಕೊಟ್ಟರು. ನನ್ನ ಮನೆಯವರು ಅದನ್ನು ಎರಡು ಪದರ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಯೇ ಪೆಟ್ಟಿಗೆಯಲ್ಲಿಟ್ಟರು. ತೂತಿನ ಅಂಚಿನ ಮಸಿಯಲ್ಲಿ ಸೀಸವಿರಬಹುದಂತೆ. ಅಜ್ಜ ಅದನ್ನು ಕಂಡು ತಲೆದೂಗಿ, ತಮಗೆ ಬರುವ ಒಂದೇ ಒಂದು ಕನ್ನಡ ಮಾತನ್ನು ಆಡಿದರು: "ಕಲಾಯಿ!"